ಅಪ್ಪನ ಎಡಮಿದುಳು ತೆಲುಗಾಡಿದ್ದು

ಹೂಕೋಸನ್ನು ಸಾರಿಗಿಂತ ಹೆಚ್ಚಾಗಿ ಪಾಠಕ್ಕೆ ಬಳಸುವ ಹೆಂಗಸು ರಾಯದುರ್ಗದಲ್ಲಿ ನಾನೊಬ್ಬಳೇ ಇರಬೇಕು, ಗೆಳೆಯರೇ. ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ನಾನು ಪ್ರತಿವರ್ಷ ಅದನ್ನು ಮೇಜಿನ ಮೇಲಿಟ್ಟು, ಈ ಮಡಿಕೆಗಳೆಲ್ಲ ಯೋಚಿಸುವ ಹಿರಿಮಿದುಳು, ಹಿಂಬದಿಯಲ್ಲಿ ಕೂತು ನಡಿಗೆಯ ಸಮತೋಲ ಕಾಯುವುದು ಕಿರಿಮಿದುಳು, ಈ ದಂಟು ಉಸಿರನ್ನೂ ಎದೆಬಡಿತವನ್ನೂ ನೋಡಿಕೊಳ್ಳುವ ಮಿದುಳಕಾಂಡ ಎಂದು ಘೋಷಿಸುತ್ತೇನೆ. ಮಕ್ಕಳು ಭಕ್ತಿಯಿಂದ ಬರೆದುಕೊಂಡು, ಪರೀಕ್ಷೆ ಮುಗಿದ ಮರುದಿನ ಅಷ್ಟೇ ಭಕ್ತಿಯಿಂದ ಮರೆಯುತ್ತಾರೆ.

ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಆಂಧ್ರದ ಈ ಅಂಚಿನಲ್ಲಿ ಕನ್ನಡ ಬದುಕಿರುವುದೇ ತಮ್ಮೊಬ್ಬರ ನಾಲಗೆಯ ಮೇಲೆ ಎಂಬ ವಿನಯ ಅವರದು. ಸಂತೆಯಲ್ಲಿ, ಬಸ್ಸಿನಲ್ಲಿ ನಿರರ್ಗಳ ತೆಲುಗು ಆಡಿ ಬಂದವರು, ಹೊಸ್ತಿಲೊಳಗೆ ಒಂದು ತೆಲುಗು ಪದ ಬಿದ್ದರೆ ಹಾವು ನುಗ್ಗಿದಂತೆ ಹೌಹಾರುತ್ತಿದ್ದರು. ಅಮ್ಮನ ತಮ್ಮ, ಮಡಕಶಿರಾದ ಸೋಮಣ್ಣ ಮಾವ, ಒಮ್ಮೆ ಹಬ್ಬದೂಟದಲ್ಲಿ ಕೂತು ತೆಲುಗಿನಲ್ಲೊಂದು ಜೋಕು ಹೇಳಿದ. "ನಮ್ಮ ಮನ್ಯಾಗ ಕನ್ನಡ ಬರೋರಿಗಷ್ಟೇ ಎಲಿ ಹಾಕ್ತೀವಪ್ಪ," ಎಂದರು ಅಪ್ಪ. ಅರ್ಧ ಊಟದಲ್ಲಿ ಕೈತೊಳೆದು ಎದ್ದ ಮಾವ ವರ್ಷಗಟ್ಟಲೆ ಇತ್ತ ಸುಳಿಯಲಿಲ್ಲ. ಕನ್ನಡ ಉಳಿಯಿತು, ಅಮ್ಮನ ತವರು ಹೋಯಿತು.

ಹೋದ ವರ್ಷ ಒಂದು ಬೆಳಿಗ್ಗೆ ಅಪ್ಪನ ಬಲಗೈಯಿಂದ ಪತ್ರಿಕೆ ಜಾರಿತು, ಬಾಯಿ ಒಂದು ಕಡೆಗೆ ವಾಲಿತು. "ಯಾಕ್ರೀ, ಏನಾತ್ರೀ?" ಎಂದು ಅಮ್ಮ ಅಲುಗಿಸಿದಳು. ಪಕ್ಕದ ಮನೆಯವರ ಕಾರಿನಲ್ಲಿ ಬಳ್ಳಾರಿಗೆ ಧಾವಿಸಿದೆವು. ಎಡಮಿದುಳಿನಲ್ಲಿ, ಮಾತು ಹೊರಡುವ ಜಾಗದ ರಕ್ತನಾಳ ಕಟ್ಟಿಕೊಂಡಿದೆ ಎಂದರು ಡಾಕ್ಟರು. ಜೀವ ಉಳಿಯಿತು. ಮೂಕರಾಗಿ ಮಲಗಿದ್ದ ಅಪ್ಪ ಕೆಲವು ದಿನಗಳ ಮೇಲೆ ತುಟಿ ಅಲ್ಲಾಡಿಸಿದಾಗ ನಾವೆಲ್ಲ ಬಾಗಿದೆವು.

"ನೀಳ್ಳು," ಎಂದರು ಅಪ್ಪ. ನೀರು ಕೇಳಿದ್ದರು, ಅಪ್ಪಟ ತೆಲುಗಿನಲ್ಲಿ.

ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಎರಡು ನುಡಿಯವರಲ್ಲಿ ಹೀಗೆ ಒಂದು ಮೊದಲು ಮರಳುವುದುಂಟು ಎಂದರು ಡಾಕ್ಟರು. ಮನೆಗೆ ಕರೆತಂದ ಮೇಲೆ ಊರಿನ ತಜ್ಞರು ಅಷ್ಟಕ್ಕೆ ತೃಪ್ತರಾಗುವವರೇ? ಒಬ್ಬರು ಗ್ಯಾಸು ಎಂದರು, ಇನ್ನೊಬ್ಬರು ದೃಷ್ಟಿ ಎಂದರು. ಎದುರುಮನೆಯಾಕೆಯಂತೂ "ಮೇಷ್ಟ್ರು ಹೋದ ಜನ್ಮದಾಗ ತೆಲುಗ್ರೇ ಇದ್ದಿರಬೇಕ್ರಿ" ಎಂದು ಪ್ರಕರಣ ಮುಗಿಸಿದಳು. ಅಪ್ಪ ಗೋಡೆಯ ಕಡೆ ತಿರುಗಿ ಕಣ್ಣೀರು ಹಾಕಿದರು. ಆಮೇಲೆ ನೀರನ್ನೂ ಕೇಳಲಿಲ್ಲ.

ನಾನು ಸುಮ್ಮನಿರಲಾರದೆ ಅಮ್ಮನಿಗೆ ಪಾಠ ಶುರುಮಾಡಿದೆ: ನರಕೋಶಗಳು ಒಂದನ್ನೊಂದು ಮುಟ್ಟುವುದಿಲ್ಲಮ್ಮ, ಉದ್ದ ಬಾಲದಗುಂಟ ಓಡಿಬಂದ ವಿದ್ಯುತ್ತು ತುದಿಯಲ್ಲಿ ನಿಲ್ಲುತ್ತದೆ, ಅಲ್ಲಿಂದ ರಾಸಾಯನಿಕಗಳು ಹೊರಚೆಲ್ಲಿ ಕಾಣದಷ್ಟು ಸಣ್ಣ ಸಂದನ್ನು ದಾಟಿ ಆಚೆಯ ಕೋಶಕ್ಕೆ ತಗುಲಬೇಕು, ಬಳಸಿದಷ್ಟೂ ಆ ದಾರಿ ಬಲಿಯುತ್ತದೆ, ಸತ್ತ ಕೋಶಗಳ ಕೆಲಸವನ್ನು ನೆರೆಯವು ಒಂದಿಷ್ಟು ಕಲಿಯುತ್ತವೆ...

"ಅಂದ್ರ ತೆಲುಗಿನಾಗ ಮಾತಾಡಿಸ್ತಿರಬೇಕು ಅಂತಿ. ಅದಕ್ಯಾಕ ಇಷ್ಟುದ್ದ?" ಎಂದ ಅಮ್ಮ ಮಡಕಶಿರಾದ ತಮ್ಮನಿಗೆ ಫೋನು ಹಚ್ಚಿದಳು.

ಮಾರನೆಯ ದಿನವೇ ಬಂದ ಮಾವ ಬಾಗಿಲಲ್ಲೇ ನಿಂತ. "ಒಳಕ್ ಬರ್ಲಾ ಭಾವ, ಇಲ್ಲೇ ನಿಂತ್ಕಳ್ಲಾ?" ಅಪ್ಪನ ತುಟಿ ತುಂಬ ಹೊತ್ತು ಒದ್ದಾಡಿತು. "ರಾ," ಎಂದರು ಕಡೆಗೆ. ಬಾ ಎನ್ನಲು ತೆಲುಗಿನಲ್ಲಿ ಅಷ್ಟೇ ಸಾಕು.

ಮಾವ ವಾರಗಟ್ಟಲೆ ಉಳಿದ. ಲೋಟ, ಕಿಟಕಿ, ಕುರಿಮರಿ, ಕಂಡದ್ದನ್ನೆಲ್ಲ ತೋರಿಸಿ ತೆಲುಗಿನಲ್ಲಿ ಹರಟಿದ, ಅಪ್ಪ ತಡವರಿಸಿದರೆ ಸುಮ್ಮನೆ ಕಾದ, ಆ ಹಳೆಯ ಜೋಕನ್ನೂ ಹೇಳಿದ. ಜೋಕು ನಿಜಕ್ಕೂ ಕೆಟ್ಟದಾಗಿತ್ತು. ಅಪ್ಪ ಸೊಟ್ಟ ಬಾಯಲ್ಲಿ ಬಿದ್ದು ಬಿದ್ದು ನಕ್ಕರು. ಅಮ್ಮ ಒಳಗೆ ಹೋಗಿ ಅತ್ತಳು.

ತಿಂಗಳುಗಳ ಮೇಲೆ ಕನ್ನಡವೂ ಕುಂಟುತ್ತಾ ಮರಳಿತು. ಈಗ ನಮ್ಮೊಂದಿಗೆಲ್ಲ ಕನ್ನಡವೇ, ನಮ್ಮ ತಪ್ಪು ತಿದ್ದುವುದೂ ಶುರುವಾಗಿದೆ. ಆದರೆ ಮಾವನ ಫೋನು ಬಂದರೆ ಮಾತ್ರ ತೆಲುಗು. ಬಲಿತ ನರದಾರಿಯೆಂಬ ವಿವರಣೆ ಸಿದ್ಧವಿಟ್ಟುಕೊಂಡೇ ಮೊನ್ನೆ ಕೇಳಿದೆ:

"ಕನ್ನಡ ಬರ್ತೈತಲ್ಲಪ್ಪ, ಅವನ ಜೋಡಿ ಯಾಕ ತೆಲುಗು?"

ಅಪ್ಪ ಪದಗಳಿಗಾಗಿ ಹುಡುಕಿದರು. ನಾನು ಕಾದೆ.

"ಅವನ ಜೋಡಿ... ಕನ್ನಡದಾಗ... ಬರೀ ಜಗಳ ಐತಿ."