ಅರ್ಧ ಎತ್ತಿದ ಶಟರ್

ಮೊನ್ನೆ ಮಗಳು ಜ್ವರದ ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಸುತ್ತಿದ್ದಳು. ಅವಧಿ ಮುಗಿಯುವ ತಾರೀಕು ಅಚ್ಚಾಗಿದ್ದ ತುದಿಗೇ ಮೊದಲು ಕತ್ತರಿ ಹಾಕಿದಳು. ನಾನು ಕೂತಲ್ಲಿಂದ ಎದ್ದು ಹೋಗಿ ಕತ್ತರಿ ಕಸಿದುಕೊಂಡೆ. "ಎಂತಾತೇ ಆಯಿ?" ಎಂದಳು ಗಾಬರಿಯಿಂದ. ತಾರೀಕು ಇರುವ ತುದಿ ಕೊನೆಯ ಮಾತ್ರೆಯವರೆಗೂ ಉಳಿಯಬೇಕು ಎಂದೆ. ಆ ಮಾತು ನನ್ನದಲ್ಲ, ಶಿರಸಿ ಮಾವನದು.

ಅವರು ನಮಗೆ ನೆಂಟರಲ್ಲ. ಶಿರಸಿಯಲ್ಲಿ ಅವರದೊಂದು ಔಷಧಿ ಅಂಗಡಿಯಿತ್ತು, ಸಿದ್ದಾಪುರದಲ್ಲಿ ನಮ್ಮದು. ನನ್ನ ಗಂಡ ಮಾವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆಗ ಸರ್ಕಾರದ ಸುತ್ತೋಲೆಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು. ಓದಿ ತಿಳಿದುಕೊಳ್ಳುವ ತಾಳ್ಮೆ ಅಂಗಡಿಯವರಿಗೆ ಇರಲಿಲ್ಲ. ಮಾವ ಅದನ್ನು ಓದಿಕೊಂಡು, ಒಂದು ದಿನ ಸಿದ್ದಾಪುರದ ಬಸ್ಸು, ಇನ್ನೊಂದು ದಿನ ಯಲ್ಲಾಪುರದ ಬಸ್ಸು ಹತ್ತಿ, ಅಂಗಡಿ ಅಂಗಡಿಗೆ ಹೋಗಿ ಕನ್ನಡದಲ್ಲಿ ಹೇಳಿ ಬರುತ್ತಿದ್ದರು. ಯಾರೂ ಅವರಿಗೆ ಆ ಕೆಲಸ ವಹಿಸಿರಲಿಲ್ಲ.

ಎಲ್ಲ ಸರಿಯಿದ್ದ ಕೊನೆಯ ದಿನವೂ ಅವರು ಬಂದಿದ್ದರು. ತೊಂಬತ್ತರ ದಶಕದ ಮಧ್ಯದ ಒಂದು ಬೇಸಿಗೆ. ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಬರೆಯುವುದನ್ನು ಬಿಡಬಾರದು ಎಂದು ಹೇಳುತ್ತಿದ್ದರು. ನನ್ನ ಗಂಡ ನಗುತ್ತಾ, "ಮಾವ, ನಿಂಗ ಬಸ್ಸಿಳದ್ರೆ ಸಾಕು, ಯಂಗೆ ತಲೆನೋವು ಶುರು ಆಗ್ತು" ಎಂದರು. "ಆಗ್ಲಿ. ಡಾಕ್ಟರ ಚೀಟಿ ತಗಂಡು ಬಾ, ಗುಳಿಗೆ ಕೊಡ್ತೆ" ಎಂದರು ಮಾವ. ನಾನು ಮನೆಯಿಂದ ಚಹಾ ತಂದಿದ್ದೆ. ಮೂವರೂ ನಕ್ಕೆವು... ನಕ್ಕಿದ್ದು ನೆನಪಿದೆ. ಆಮೇಲೆ ಏನು ಮಾತಾಡಿದೆವು ಎಂಬುದು ಎಷ್ಟು ಯೋಚಿಸಿದರೂ ಬರುವುದಿಲ್ಲ.

ಮರುದಿನ ತ್ಯಾಗಲಿ ರಸ್ತೆಯ ತಿರುವಿನಲ್ಲಿ ನನ್ನ ಗಂಡನ ಬೈಕಿಗೆ ಲಾರಿ ಬಡಿಯಿತು.

ಸೂತಕದ ಮನೆಗೆ ಜನ ಮಾತಾಡಿಸಲು ಬರುತ್ತಿದ್ದರು. ಮಾವನೂ ಬಂದರು. ಜಗುಲಿಯ ತುದಿಯಲ್ಲಿ ಕೂತರು. ಆಮೇಲೆ ನನ್ನ ಕಡೆ ನೋಡದೆ, ನೆಲ ನೋಡುತ್ತಾ ಹೇಳಿದರು. "ತಂಗಿ, ಲೈಸೆನ್ಸು ಅವನ ಹೆಸರಲ್ಲಿತ್ತು. ಅಂಗಡಿಯ ಫಾರ್ಮಾಸಿಸ್ಟೂ ಅವನೇ ಆಗಿದ್ದ. ಎರಡೂ ಅವನ ಜೊತಿಗೇ ಹೋತು. ಯಾರು ಬಂದು ಕೇಳಿದ್ರೂ ಒಂದು ಗುಳಿಗೆನೂ ಕೊಡಡ."

ಬಾಗಿಲಲ್ಲಿ ನಿಂತಿದ್ದ ನನ್ನ ಭಾವ, ಗಂಡನ ಅಣ್ಣ, ಸಿಟ್ಟಾದರು. "ನಿಂಗ ಮಾತಾಡ್ಸಲೆ ಬಂದಿದ್ದಾ, ಕಾಯ್ದೆ ಓದಲೆ ಬಂದಿದ್ದಾ?" ಎಂದರು. ಮಾವ ಅಂಗಡಿಯ ಕೀಲಿಕೈ ಕೇಳಿದರು. ಭಾವನನ್ನೇ ಜೊತೆಗೆ ಕರೆದುಕೊಂಡು ಹೋಗಿ ಫ್ರಿಜ್ಜಿನಲ್ಲಿದ್ದ ಇನ್ಸುಲಿನ್ ಎಲ್ಲ ತೆಗೆಸಿ, ಕೆಡುವ ಮೊದಲೇ ಸಗಟು ವ್ಯಾಪಾರಿಗೆ ಹಿಂದಿರುಗಿಸುವ ವ್ಯವಸ್ಥೆ ಮಾಡಿದರು. ದಿನಾ ಔಷಧಿ ಒಯ್ಯುವವರ ಮನೆಗಳಿಗೆ ಬೇರೆ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಹೇಳಿ ಕಳಿಸಿದರು. ಅವರು ದುಃಖ ತೋಡಿಕೊಂಡಿದ್ದೇ ಹಾಗೆ ಎಂದು ತಿಳಿಯಲು ನನಗೆ ವರ್ಷಗಳೇ ಬೇಕಾದವು.

ಹೊಸ ಲೈಸೆನ್ಸು ನನ್ನ ಹೆಸರಿನಲ್ಲಿ ಪಡೆಯಬಹುದಿತ್ತು. ಅದಕ್ಕೆ ಕಾರವಾರದ ಕಚೇರಿಗೆ ಓಡಾಡಿದರಾಯಿತು. ಆದರೆ ಔಷಧಿ ಕೊಡಲು ಫಾರ್ಮಸಿ ಓದಿದವರೇ ಬೇಕು. ನಾನು ಓದಿದ್ದು ಹತ್ತನೇ ತರಗತಿ. ಮಗಳು ಆಗಿನ್ನೂ ಸ್ಲೇಟು ಹಿಡಿದಿದ್ದಳು. ಜಮೀನು ಎಂದು ನಮಗಿರಲಿಲ್ಲ, ಅಂಗಡಿಯೊಂದೇ. ಮುಚ್ಚಿದ ಅಂಗಡಿಯೊಳಗೆ ಮಾತ್ರೆಗಳ ಅವಧಿ ಒಂದೊಂದಾಗಿ ಮುಗಿಯುತ್ತಿತ್ತು. ಕತ್ತಲಲ್ಲಿ ನಿಂತು ಆ ಕಪಾಟುಗಳನ್ನು ನೋಡಿ ಬರುತ್ತಿದ್ದೆ. ಅಳುವುದಕ್ಕೂ ಅದೇ ಜಾಗ.

ಭಾವ ಒಂದು ದಾರಿ ಹುಡುಕಿದರು. ಹುಬ್ಬಳ್ಳಿ ಕಡೆಯ ಒಬ್ಬ ಹುಡುಗನದು ಫಾರ್ಮಸಿ ಓದು ಮುಗಿದಿತ್ತು, ಕೆಲಸ ಬೇರೆಲ್ಲೋ ಇತ್ತು. ಸರ್ಟಿಫಿಕೇಟನ್ನು ಬಾಡಿಗೆಗೆ ಕೊಡುತ್ತಾನೆ, ಗೋಡೆಗೆ ತೂಗುಹಾಕಿದರೆ ಸಾಕು, ಅವನು ಬರಬೇಕಿಲ್ಲ. ಎಷ್ಟೋ ಕಡೆ ಹಾಗೇ ನಡೆಯುತ್ತದೆ ಎಂದರು. ನಾನು ಒಪ್ಪಿದ್ದೆ. ಒಪ್ಪದೆ ಏನು ಮಾಡಲಿ? ಮಾವನಿಗೆ ಹೇಳಿದಾಗ ಅವರು ಬೇಡವೆಂದು ತಲೆಯಾಡಿಸಿದರು.

"ಗೋಡೆ ಮೇಲಿನ ಕಾಗದ ಡಾಕ್ಟರ ಚೀಟಿ ಓದ್ತಿಲ್ಲೆ ತಂಗಿ."

"ಹಂಗಾರೆ ಎಂತ ಮಾಡವು ಮಾವ? ಅಂಗಡಿಗೆ ಬೆಂಕಿ ಹಾಕವಾ?"

ಅವರು ಚಹಾ ಕುಡಿಯದೆ ಎದ್ದು ಹೋದರು. ಕೆಲವು ದಿನ ಬರಲಿಲ್ಲ. ಬಂದಾಗ ಕಂಕುಳಲ್ಲಿ ಟವೆಲ್ಲಿನಲ್ಲಿ ಸುತ್ತಿದ ಒಂದು ಚೌಕಟ್ಟು ಇತ್ತು. ಅವರದೇ ಸರ್ಟಿಫಿಕೇಟು. ಶಿರಸಿಯ ಅಂಗಡಿಗೆ ತಮ್ಮನ ಮಗ ಫಾರ್ಮಾಸಿಸ್ಟ್ ಆಗಿ ನಿಂತಿದ್ದಾನೆ, ಅಲ್ಲಿಂದ ತಮ್ಮ ಹೆಸರು ತೆಗೆಸಿಯಾಯಿತು ಎಂದರು. "ಇನ್ನು ಇಲ್ಲಿಗೇ ಬಂದು ಕೂತ್ಕತ್ತೆ." ತಾವೇ ಕಟ್ಟಿದ ಅಂಗಡಿಯ ಕುರ್ಚಿ ಬಿಟ್ಟು ಬಂದದ್ದನ್ನು ಅವರು ಹೇಳಿದ್ದು ಇಷ್ಟೇ.

ಲೈಸೆನ್ಸು ಬಂದ ಮೇಲೆ ಅವರು ದಿನಾ ಶಿರಸಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಅವರದೊಂದು ಕಟ್ಟುನಿಟ್ಟು. ಅವರು ಬರುವವರೆಗೆ ಶಟರ್ ಅರ್ಧ ಮಾತ್ರ ಎತ್ತಬೇಕು. ಸೋಪು, ಪೌಡರು ಕೊಡಬಹುದು. ಔಷಧಿ ಮುಟ್ಟಬಾರದು. ಬಸ್ಸು ಕೆಟ್ಟ ದಿನ, ಗಾಳಿಗೆ ಮರ ಬಿದ್ದ ದಿನ, ನಾನು ಆ ಅರ್ಧ ಬೆಳಕಿನಲ್ಲಿ ಕೂತಿರುತ್ತಿದ್ದೆ. ಜನ ಬಗ್ಗಿ ಇಣುಕುತ್ತಿದ್ದರು.

"ಅಮ್ಮಾ, ಶಿರಸಿಯವ್ರು ಬಂದ್ರಾ?"

"ಬಸ್ಸು ಬಂದಿಲ್ಲ. ಮುಂದಿನ ಅಂಗಡಿಗೆ ಹೋಗಿ ಮಾರಾಯ್ರೆ."

"ಹಂಗಾದ್ರೆ ಜ್ವರನೂ ಬಸ್ ಸ್ಟ್ಯಾಂಡಲ್ಲೇ ಕೂತು ಕಾಯ್ಬೇಕಾ?"

ಅವರು ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಕೆಲವರು ಮತ್ತೆ ತಿರುಗಿ ಬರಲೇ ಇಲ್ಲ. ಆದರೂ ಅಂಗಡಿ ನಡೆಯಿತು. ಮಗಳು ಹೈಸ್ಕೂಲಿಗೆ ಹೋದಳು. ಮಾವ ಸಂಬಳ ಎಂದು ತೆಗೆದುಕೊಂಡಿದ್ದು ಕಡಿಮೆ. ಮಧ್ಯಾಹ್ನದ ಊಟ ಮಾತ್ರ ನಮ್ಮ ಮನೆಯದು. ತಂಬುಳಿ ಇದ್ದ ದಿನ ಮತ್ತೊಮ್ಮೆ ಬಡಿಸಿಕೊಳ್ಳುತ್ತಿದ್ದರು.

ಆಮೇಲೆ ಅವರ ಕಣ್ಣು ಮಂಜಾಗತೊಡಗಿತು. ಹುಬ್ಬಳ್ಳಿಯಲ್ಲಿ ಆಪರೇಷನ್ನೂ ಆಯಿತು. ಒಂದು ಕಣ್ಣು ಸರಿಹೋಗಲೇ ಇಲ್ಲ, ಇನ್ನೊಂದೂ ಅದರ ಹಿಂದೆಯೇ ಹೊರಟಿತು. ಚೀಟಿಯನ್ನು ಬಾಗಿಲ ಬೆಳಕಿಗೆ ಒಯ್ದು ಹಿಡಿಯುತ್ತಿದ್ದರು. ಒಂದು ದಿನ ರಕ್ತದೊತ್ತಡದ ಮಾತ್ರೆ ಕೇಳಿದವನ ಮುಂದೆ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದಿಟ್ಟರು. ಎರಡರ ಡಬ್ಬಿಯೂ ಒಂದೇ ಬಣ್ಣ. ನಾನು ಮಾತಾಡದೆ ಬದಲಿಸಿ ಕೊಟ್ಟೆ. ಅವರು ನೋಡಲಿಲ್ಲ ಎಂದುಕೊಂಡಿದ್ದೆ. ಆ ಮಧ್ಯಾಹ್ನ ಅವರು ಊಟಕ್ಕೆ ಏಳಲಿಲ್ಲ.

ಸಂಜೆ ಹೇಳಿದರು. "ಇನ್ನು ಯನ್ನತ್ರ ಆಗ್ತಿಲ್ಲೆ ತಂಗಿ. ಹೆಸರು ತೆಗಸ್ತೆ."

ನಾನು ಅವರ ಕಾಲು ಹಿಡಿದೆ. ನಿಜವಾಗಿಯೂ ಹಿಡಿದೆ, ರಸ್ತೆಯಲ್ಲಿ ಜನ ಓಡಾಡುತ್ತಿದ್ದರು. ನೀವು ಕುರ್ಚಿಯಲ್ಲಿ ಕೂತರೆ ಸಾಕು, ಚೀಟಿ ನಾನು ಓದುತ್ತೇನೆ, ಇಷ್ಟು ವರ್ಷ ನೋಡಿ ಕಲಿತಿದ್ದೇನೆ, ಮಗಳ ಓದು ಮುಗಿಯುವವರೆಗೆ ಸಾಕು ಎಂದು ಬೇಡಿಕೊಂಡೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ನೀ ಓದಿ ನೀ ಕೊಟ್ರೆ, ಆನು ಎಂತಕ್ಕೆ? ಆನೂ ಗೋಡೆ ಮೇಲಿನ ಕಾಗದನೇ ಆದಿ. ಹಂಗೆ ಗುಳಿಗೆ ಕೊಡಲೆ ಬತ್ತಿಲ್ಲೆ."

ಮರುವಾರದಿಂದ ಶಟರ್ ಎತ್ತಲಿಲ್ಲ. ಮಾವ ಮನೆಯಲ್ಲಿ ಕೂರಲಿಲ್ಲ. ಯಾರದೋ ಕೈ ಹಿಡಿದು ಬಸ್ಸು ಹತ್ತಿ ಯಲ್ಲಾಪುರಕ್ಕೆ, ಎಕ್ಕಂಬಿಗೆ, ಫಾರ್ಮಸಿ ಓದಿದ ಮಕ್ಕಳಿರುವ ಮನೆ ಎಲ್ಲಿ ಗೊತ್ತಾದರೂ ಅಲ್ಲಿಗೆ ಹೋಗಿ ಕೇಳಿದರು. ಸಿದ್ದಾಪುರದ ಸಣ್ಣ ಅಂಗಡಿಗೆ ಬರಲು ಯಾರೂ ಒಪ್ಪಲಿಲ್ಲ. ಪ್ರತಿ ಸಲ ಬಂದು ನನಗೆ ತಿಳಿಸಿ ಹೋಗುತ್ತಿದ್ದರು, "ಇಲ್ಲೆ ತಂಗಿ, ಇನ್ನೊಂದ್ ಕಡೆ ಇದ್ದು, ನೋಡ್ತೆ" ಎಂದು. ಆ ಮಳೆಗಾಲದಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ನಾನು ಶಿರಸಿಯ ಆಸ್ಪತ್ರೆಗೆ ಹೋದಾಗ ನನ್ನ ಗುರುತು ಹಿಡಿದರು. ಯಾವುದೋ ಹುಡುಗನ ಊರಿನ ಹೆಸರು ಹೇಳಲು ನೋಡಿದರು... ಅದು ನನಗೆ ಕೊನೆಗೂ ತಿಳಿಯಲಿಲ್ಲ. ಆ ಕಾಯಿಲೆಯಿಂದ ಅವರು ಏಳಲಿಲ್ಲ.

ಅಂಗಡಿಯ ಜಾಗ ಬಿಟ್ಟುಕೊಟ್ಟೆ. ಹೊಲಿಗೆ ಹಿಡಿದೆ. ಮಗಳ ಓದು ತಡವಾಗಿ, ಹೇಗೋ ಮುಗಿಯಿತು. ಅವರ ಮೇಲೆ ಸಿಟ್ಟು ಬಂದ ರಾತ್ರಿಗಳೂ ಇದ್ದವು, ಸುಳ್ಳು ಹೇಳುವುದಿಲ್ಲ. ಒಂದೆರಡು ವರ್ಷ ಕಣ್ಣು ಮುಚ್ಚಿ ಕೂತಿದ್ದರೆ ಏನಾಗುತ್ತಿತ್ತು ಎಂದು ಗೋಡೆಗೆ ಕೇಳಿದ್ದೇನೆ. ಏನಾಗುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಒಂದೇ ಬಣ್ಣದ ಆ ಡಬ್ಬಿಯನ್ನು ಬದಲಿಸಿದವಳು ನಾನೇ.

ಈಗ ಏನು ಮಾಡಬೇಕೆಂದು ಹೇಳುವವರು ಸುತ್ತ ಬೇಕಾದಷ್ಟು ಇದ್ದಾರೆ. ಹಾಗೆ ಮಾಡಬೇಡ ಎಂದು ನನಗೆ ಹೇಳಿ, ಆಮೇಲೆ ನನ್ನ ಸಲುವಾಗಿ ಬಸ್ಸು ಹತ್ತುತ್ತಿದ್ದವರು ಇಲ್ಲ.