ವಾಣಿಶ್ರೀಯ ವಾರಂಟು

ಆವನಿಯ ವಾಣಿಶ್ರೀಗೆ ಕೋರ್ಟಿನ ವಾಯಿದೆ ಬಂತೆಂದರೆ ರೇಷ್ಮೆಹುಳು ಹಣ್ಣಾಗುವ ದಿನವೇ ಬರುತ್ತಿತ್ತು. ಹಣ್ಣಾದ ಹುಳುವನ್ನು ಅವತ್ತೇ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಅದು ಸಿಕ್ಕಸಿಕ್ಕಲ್ಲಿ ಗೂಡು ಕಟ್ಟಿ ಕೆಡುತ್ತದೆ. ಜಡ್ಜಿಗೆ ಹುಳು ಗೊತ್ತಿಲ್ಲ, ಹುಳುವಿಗೆ ಜಡ್ಜು ಗೊತ್ತಿಲ್ಲ. ನಡುವೆ ಸಿಕ್ಕಿಕೊಂಡವಳು ಅವಳು. ಅರ್ಧ ತಟ್ಟೆ ಆರಿಸಿ, ಉಳಿದದ್ದನ್ನು ತಾಯಿಗೆ ಒಪ್ಪಿಸಿ, ಕೈಗೆ ಅಂಟಿದ ರೇಷ್ಮೆ ಎಳೆಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಮುಳಬಾಗಿಲಿನ ಬಸ್ಸು ಹತ್ತುವಳು. ಅಲ್ಲಿ ಸಂಜೆಯವರೆಗೂ ಬೆಂಚಿನ ಮೇಲೆ ಕೂತರೆ ಕೊನೆಗೆ ಸಿಕ್ಕುವುದು ಇನ್ನೊಂದು ವಾಯಿದೆ.

ಅವಳ ಗಂಡ ಗಂಗಾಧರ್ ಶ್ರೀನಿವಾಸಪುರ ತಾಲ್ಲೂಕಿನವನು. ರಾಯಲ್ಪಾಡಿನಿಂದ ಇನ್ನೂ ಒಳಗೆ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ಟೊಮೆಟೊ, ಮಾವು ಹೇರುವ ಗಾಡಿ ಇಟ್ಟಿದ್ದ. ಮಗಳು ಮೌನಿಕಾಗೆ ಎರಡು ತುಂಬಿದಾಗ, ಗೌರಿ ಹಬ್ಬಕ್ಕೆಂದು ಹೆಂಡತಿಯನ್ನು ತವರಿಗೆ ತಂದು ಬಿಟ್ಟವನು ಮತ್ತೆ ಕರೆಯಲು ಬರಲಿಲ್ಲ. ಕರೆಯದೆ ಹೆಣ್ಣುಮಗಳು ತಾನಾಗಿ ಗಂಟು ಹೊತ್ತುಕೊಂಡು ಹೋಗುವುದು ಇವರ ಕಡೆ ಮರ್ಯಾದೆಯಲ್ಲ. ದೀಪಾವಳಿಗೆ ಬರುತ್ತಾರೆ, ಸಂಕ್ರಾಂತಿಗೆ ಬರುತ್ತಾರೆ ಎಂದು ಕಾದಳು. ಅಷ್ಟರಲ್ಲಿ ಅವನು ಮದನಪಲ್ಲಿ ಕಡೆ ಇನ್ನೊಂದು ಸಂಸಾರ ಹೂಡಿದ್ದ. ಕೋರ್ಟಿಗೆ ಹೋದಾಗ ಅವನ ವಕೀಲರು, ‘ಆಕೆ ತಾನಾಗಿಯೇ ಬಿಟ್ಟುಹೋದವಳು, ವಾಪಸು ಬರುವ ಪ್ರಯತ್ನವನ್ನೇ ಮಾಡಲಿಲ್ಲ’ ಎಂದು ವಾದಿಸಿದರು. ಮರ್ಯಾದೆ ಇಟ್ಟುಕೊಂಡದ್ದೇ ತಪ್ಪಾಯಿತಲ್ಲ ಎಂದು ವಾಣಿಶ್ರೀ ಅವತ್ತು ಬಸ್ಸಿನುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಹೇಗೋ ಮಗುವಿನ ಹೆಸರಿಗೆ ಜೀವನಾಂಶದ ಆದೇಶವಾಯಿತು. ನಾಲ್ಕಾರು ತಿಂಗಳು ಕೊಟ್ಟ, ನಿಲ್ಲಿಸಿದ. ನಿಲ್ಲಿಸಿದಾಗ ಬಂದವನು ಮಾವ ಗಂಗುಲಪ್ಪ. ಬಸ್ಸಿನ ಮೇಲೆ ಒಂದು ಮೂಟೆ ರಾಗಿ, ಕೈಯಲ್ಲಿ ಮಾವಿನ ಹಣ್ಣಿನ ಚೀಲ.

“ಹುಡುಗ ಬುದ್ಧಿ ಕಲೀತಾನಮ್ಮಾ. ಮತ್ತೆ ಕೋರ್ಟು ಹತ್ತಬೇಡ. ನಾನು ಬದುಕಿರೋವರೆಗೂ ನನ್ನ ಮೊಮ್ಮಗಳು ಹಸ್ಕೊಂಡಿರಲ್ಲ.”

ಮುದುಕನ ಮುಖ ನೋಡಿ ಅವಳು ಕೋರ್ಟಿನ ಕಡೆ ತಲೆ ಹಾಕಲಿಲ್ಲ. ಒಂದು ವರ್ಷ ದಾಟಿ ಇನ್ನೊಂದಕ್ಕೆ ಬಿತ್ತು. ಕೊನೆಗೆ ತಾಳಲಾರದೆ ಉಚಿತ ಕಾನೂನು ನೆರವಿನಲ್ಲಿ ಸಿಕ್ಕಿದ ಲಾಯರ್ ಶ್ರೀಧರ್ ಬಳಿ ಹೋದರೆ ಅವರು ಹಣೆ ತಿಕ್ಕಿಕೊಂಡರು.

“ಬಾಕಿ ಬಿದ್ದ ವರ್ಷದೊಳಗೇ ವಸೂಲಿಗೆ ಅರ್ಜಿ ಹಾಕ್ಬೇಕಿತ್ತಮ್ಮ. ಹಳೇದು ಹೋಯ್ತು.”

“ಹೋಯ್ತು ಅಂದ್ರೆ? ಆ ವರ್ಷ ನನ್ನ ಮಗಳು ಉಣ್ಣಲಿಲ್ವಾ ಸಾರ್?”

“ಮಾವ ರಾಗಿ ತಂದ್ರು ಅಂತ ನೀವು ಸುಮ್ನಿದ್ರಿ. ಕಾನೂನಿಗೆ ರಾಗಿ ಕಾಣ್ಸಲ್ಲ.”

ಅಲ್ಲಿಂದ ಮುಂದಿನ ಬಾಕಿಗೆ ಅರ್ಜಿ ಬಿತ್ತು, ವಾರಂಟೂ ಆಯಿತು. ವಾರಂಟು ಹಿಡಿದು ಹೋದ ಪೇದೆ ಬರಿಗೈಯಲ್ಲಿ ಬಂದ. ಗಂಗಾಧರನ ಊರಿನಲ್ಲಿ ಪೊಲೀಸರ ಬೈಕು ತಿರುವಿನಲ್ಲಿ ಕಾಣುವ ಮೊದಲೇ ಯಾರೋ ಫೋನು ಮಾಡುತ್ತಿದ್ದರು. ಅವನು ಹೊಲದ ಬದುವಿನ ಮೇಲೆ ನಡೆದುಕೊಂಡೇ ಆಂಧ್ರ ಸೇರುತ್ತಿದ್ದ.

“ನಾನು ಈ ಕಡೆ ಬೇಲಿ ಹತ್ರ ನಿಂತಿದೀನಿ ಕಣಮ್ಮ,” ಎಂದು ಪೇದೆಯೇ ಅವಳ ಮುಂದೆ ಗೋಳು ತೋಡಿಕೊಂಡ. “ಆ ಕಡೆಯಿಂದ ನಗ್ತಾ, ‘ಕಾಫಿ ತಾಗುತಾರಾ ಸಾರ್’, ಕುಡೀತೀರಾ ಅಂತ ತೆಲುಗಲ್ಲಿ ಕೇಳ್ತಾನೆ! ಅಲ್ಲಿಗೆ ಕಾಲಿಡ್ಬೇಕಂದ್ರೆ ಬೇರೆ ಕಾಗದ ತರ್ಬೇಕು. ಕಾಗದ ತರೋ ಹೊತ್ಗೆ ಅವನು ಈ ಕಡೆ ಬಂದು ಮಲಗಿರ್ತಾನೆ.”

ವಾರಂಟಿನ ಬೆನ್ನ ಮೇಲೆ ‘ಆಸಾಮಿ ಸಿಕ್ಕಿಲ್ಲ’ ಎಂದು ಬರೆದು ವಾಪಸು ಕೊಡುವುದು, ಇನ್ನೊಂದು ಹೊರಡಿಸುವುದು. ಹೀಗೇ ವರ್ಷಗಳು ಉರುಳಿದವು. ಮೌನಿಕಾ ಹತ್ತನೇ ತರಗತಿ ಪಾಸಾಗಿ ಕೋಲಾರದಲ್ಲಿ ಸೈನ್ಸು ಓದುತ್ತೇನೆಂದು ಹಟ ಹಿಡಿದಳು. ಮಗು ಹಾಲು ಕುಡಿಯುತ್ತಿದ್ದಾಗ ಗೊತ್ತು ಮಾಡಿದ ಜೀವನಾಂಶ ಈಗ ಹಾಸ್ಟೆಲ್ಲಿನ ಅರ್ಧ ಊಟಕ್ಕೂ ಸಾಲದು. ಹೆಚ್ಚಿಸಿ ಕೊಡಿ ಎಂದು ಶ್ರೀಧರ್ ಇನ್ನೊಂದು ಅರ್ಜಿ ಹಾಕಿದರು. ಅದಕ್ಕೂ ಅವನಿಗೆ ನೋಟೀಸು ಮುಟ್ಟಬೇಕು. ಮುಟ್ಟಲಿಲ್ಲ.

“ಕೊಡದೇ ಇರೋದನ್ನ ಹೆಚ್ಚಿಸಿ ಏನ್ ಮಾಡ್ಲಿ ಸಾರ್?” ಎಂದಳು ವಾಣಿಶ್ರೀ.

“ಅವನ ಹೆಸ್ರಲ್ಲಿ ಒಂದು ಗುಂಟೆ ಇದ್ದಿದ್ರೂ ಜಪ್ತಿ ಮಾಡಿಸ್ತಿದ್ದೆ ಕಣಮ್ಮ. ಗಾಡಿ ಮದನಪಲ್ಲಿಯ ಆ ಹೆಂಗಸಿನ ಹೆಸರಲ್ಲಿ, ಮಾವಿನ ತೋಪು ಅಪ್ಪನ ಹೆಸರಲ್ಲಿ. ಕಾಗದದ ಮೇಲೆ ಅವನು ಭಿಕ್ಷುಕ.”

ಆ ಮಳೆಗಾಲದಲ್ಲಿ ಗಂಗುಲಪ್ಪ ತೀರಿಕೊಂಡ. ಸುದ್ದಿ ಬಂದಾಗ ವಾಣಿಶ್ರೀ ನಿಜವಾಗಿಯೂ ಅತ್ತಳು. ಅತ್ತು ಮುಗಿದ ಮೇಲೆ, ತಿಥಿಯ ದಿನ ಒಬ್ಬನೇ ಮಗ ಊರಲ್ಲಿ ಇರಲೇಬೇಕಲ್ಲ ಎಂದು ಹೊಳೆಯಿತು. ಹೊಳೆದದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟುಕೊಂಡಳು. ಆದರೂ ಪೇದೆಗೆ ಫೋನು ಮಾಡಿ ತಿಳಿಸಿದಳು.

ತಿಥಿಗೆ ವಾಣಿಶ್ರೀ ಮೌನಿಕಾಳನ್ನು ಕರೆದುಕೊಂಡು ಗಂಡನ ಊರಿಗೆ ಹೋದಳು. ಪೇದೆ ಮಫ್ತಿಯಲ್ಲಿ, ಹೆಗಲ ಮೇಲೊಂದು ಟವಲು ಹಾಕಿಕೊಂಡು, ದೂರದ ನೆಂಟನ ಹಾಗೆ ಬಂದ. ಗಂಗಾಧರ್ ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ ಕೆರೆಕಟ್ಟೆಯ ಮೇಲೆ ಕುಳಿತಿದ್ದ. ಹೆಂಗಸರು ಆಚೆ ಹುಣಸೆ ಮರದಡಿ ನಿಂತಿದ್ದರು. ವಾಣಿಶ್ರೀ ಮೆಲ್ಲಗೆ ಪೇದೆಯ ಬಳಿ ಹೋದಳು.

“ಕಾಗೆ ಎಡೆ ಮುಟ್ಟೋವರೆಗೂ ಬಿಡಿ ಸಾರ್. ಮಾವ ಒಳ್ಳೇರು.”

“ಅಷ್ಟೂ ಗೊತ್ತಾಗಲ್ವೇನಮ್ಮ ನಂಗೆ? ನನ್ನನ್ನೂ ಒಬ್ಬ ಅಪ್ಪ ಹೆತ್ತವ್ನೆ.”

ಎಡೆ ಇಟ್ಟು ಎಲ್ಲರೂ ಹಿಂದೆ ಸರಿದರು. ಕಾಗೆ ಬರಲಿಲ್ಲ. ಹುಣಸೆ ಮರದ ಮೇಲೆ ಎರಡು ಕೂತಿದ್ದವು. ಕತ್ತು ಓರೆ ಮಾಡಿ ನೋಡುವವೇ ಹೊರತು ಇಳಿಯವು. ಬಿಸಿಲೇರಿತು. ಮಕ್ಕಳು ಹಸಿವಿಗೆ ರಚ್ಚೆ ಹಿಡಿದವು. ಎಡೆ ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಕೊರಗು ಉಳಿದಿದೆ ಎಂದು ಲೆಕ್ಕ.

“ಗಂಗುಲಣ್ಣಂಗೆ ಏನಪ್ಪಾ ಕೊರತೆ?” ಎಂದು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಬೀಡಿ ಇಡ್ರಲಾ, ಬೀಡಿ ಮರ್ತಿದೀರಾ.” ಬೀಡಿ ಇಟ್ಟರು. ಕಾಗೆ ಬರಲಿಲ್ಲ.

ಅತ್ತೆ ಕದಿರಮ್ಮ ಹೆಂಗಸರ ಗುಂಪಿನಿಂದಲೇ ಕೂಗಿದಳು. “ಬೀಡಿ ಅಲ್ಲ, ಮೊಮ್ಮಗಳು! ಸಾಯೋ ಮುಂಚೆ ಅದೇ ಪಾಪನ ಹೆಸರು ಹೇಳ್ತಿತ್ತು ಆ ಜೀವ. ಮಾತು ಕೊಡೋ ಗಂಗಾ!”

ಗಂಗಾಧರ್ ಎದ್ದು ನಿಂತ. ಮೌನಿಕಾ ಕಡೆ ನೋಡದೆ, ಮರದ ಕಡೆ ನೋಡಿ ಸತ್ತ ಅಪ್ಪನಿಗೆ ಕೈಮುಗಿದ. “ನಾಯನಾ, ಮಗು ಖರ್ಚು ನಂದು. ಓದಿಸ್ತೀನಿ. ತಿಂಗಳು ತಪ್ಪಿಸಲ್ಲ.”

ಒಂದು ಕಾಗೆ ಇಳಿಯಿತು. ಎಡೆಯ ವಡೆಯನ್ನೇ ಕಚ್ಚಿಕೊಂಡು ಹಾರಿತು. ಕಟ್ಟೆಯ ಮೇಲಿದ್ದವರೆಲ್ಲ ಒಮ್ಮೆಗೇ ಉಸಿರು ಬಿಟ್ಟರು. ಕದಿರಮ್ಮ ಅಳುತ್ತಾ ಕೈಮುಗಿದಳು.

ಹಿರಿಯರು ವಾಣಿಶ್ರೀಯನ್ನು ಸುತ್ತುವರಿದರು. “ಸತ್ತೋರ ಮುಂದೆ ಮಾತು ಕೊಟ್ಟವ್ನೆ. ಇನ್ನು ಪೊಲೀಸು ಗಿಲೀಸು ಯಾಕಮ್ಮಾ?” ಪೇದೆಯೂ ಕಣ್ಣೊರೆಸಿಕೊಳ್ಳುತ್ತಿದ್ದ. “ಊಟ ಆಗ್ಲಿ ಬಿಡಮ್ಮ,” ಎಂದ. ವಾಣಿಶ್ರೀ ಆಗಲಿ ಎಂದು ತಲೆಯಾಡಿಸಿಬಿಟ್ಟಳು.

ಪಾಯಸ ಬಡಿಸುವ ಹೊತ್ತಿಗೆ ಗಂಗಾಧರ್ ಪಂಕ್ತಿಯಲ್ಲಿ ಇರಲಿಲ್ಲ. ಬೇಲಿಯಾಚೆ ಅವನ ಬೋಳು ತಲೆ ಬಿಸಿಲಿಗೆ ಹೊಳೆಯುತ್ತಾ ಹೋದದ್ದನ್ನು ಮಕ್ಕಳು ನೋಡಿದವು. ಪೇದೆ ಎಂಜಲು ಕೈಯಲ್ಲೇ ಓಡಿ, ಬೇಲಿ ಮುಟ್ಟಿ ವಾಪಸು ಬಂದ. ಮುಂದಿನ ವಾಯಿದೆಗೆ ವಾರಂಟಿನ ಬೆನ್ನ ಮೇಲೆ ಅದೇ ಬರಹ. ಆಸಾಮಿ ಸಿಕ್ಕಿಲ್ಲ.

“ಸಿಕ್ಕಿದ್ದ ಸಾರ್!” ಎಂದು ವಾಣಿಶ್ರೀ ಕೋರ್ಟಿನ ಹೊರಗೆ ಶ್ರೀಧರ್ ಮೇಲೆ ರೇಗಿದಳು. “ನನ್ನ ಕಣ್ಮುಂದೆ ಕೂತಿದ್ದ. ಊರಿಗೂರೇ ಕಾಗೆ ಮಾತು ನಂಬ್ಕೊಂಡು ಅವನನ್ನ ಬಿಡ್ತು. ನಾನೂ ಸೇರಿ.”

ತಿಂಗಳುಗಳು ಹೋದವು, ದುಡ್ಡು ಬರಲಿಲ್ಲ. ಮೌನಿಕಾ ಕೋಲಾರದ ಮಾತು ಎತ್ತುವುದನ್ನೇ ಬಿಟ್ಟು ಮುಳಬಾಗಿಲಿನಲ್ಲೇ ಸಿಕ್ಕಿದ ಓದಿಗೆ ಸೇರಿಕೊಂಡಿದ್ದಳು. ಅದು ವಾಣಿಶ್ರೀಗೆ ಎಲ್ಲಕ್ಕಿಂತ ಉರಿಯಿತು. ಜಗಳ ಮಾಡಿದ್ದರೆ ತಡೆದುಕೊಳ್ಳಬಹುದಿತ್ತು.

ಒಂದು ಮಧ್ಯಾಹ್ನ ಹುಳು ಆರಿಸುತ್ತಿದ್ದಾಗ ಬಾಗಿಲಲ್ಲಿ ಕದಿರಮ್ಮ ನಿಂತಿದ್ದಳು. ರಾಯಲ್ಪಾಡಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ನೀರು ಕುಡಿದು, ಕಾಲು ಮಡಿಸಿ ತಟ್ಟೆಯ ಮುಂದೆ ಕೂತು ತಾನೂ ಹುಳು ಆರಿಸತೊಡಗಿದಳು.

“ಅಮಾವಾಸ್ಯೆ ಅಮಾವಾಸ್ಯೆಗೂ ಅನ್ನ ಇಡ್ತಿದೀನಿ ಕಣೇ. ಒಂದು ಕಾಗೆ ಬರಲ್ಲ. ಆ ಮನುಷ್ಯಂಗೆ ಸುಳ್ಳು ಹೇಳಿ ಕಳಿಸಿದಂಗಾಯ್ತು. ಹೇಳಿಸಿದ್ದು ನಾನು.”

“ಈಗ ನಾನೇನ್ ಮಾಡ್ಲಿ ಅತ್ತೆ? ನೀವು ಹೇಳಿದ್ದೆಲ್ಲ ಕೇಳಿಯೇ ಇಲ್ಲೀವರ್ಗೂ ಬಂದಿದೀನಿ.”

ಕದಿರಮ್ಮ ಇನ್ನೊಂದು ಹುಳು ಆರಿಸಿ ಪಕ್ಕಕ್ಕಿಟ್ಟಳು. “ತೋಪು ಇನ್ನೂ ನಿಮ್ಮ ಮಾವನ ಹೆಸರಲ್ಲೇ ಐತೆ. ನಾನು ಖಾತೆ ಮಾಡಿಸೋಣ ಅಂದ್ರೆ ಗಂಗ ಬೇಡ, ಹಂಗೇ ಇರ್ಲಿ ಅಂತಾನೆ. ಯಾಕೆ ಬೇಡ ಅಂತಾನೆ? ಅದನ್ನ ನಿಮ್ಮ ಲಾಯರ್‌ನ ಕೇಳ್ಬೇಕು. ಕರ್ಕೊಂಡು ನಡಿ.”

ಶ್ರೀಧರ್ ಕೇಳಿದ್ದೇ ಕುರ್ಚಿಯಿಂದ ಎದ್ದರು. ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬರುವ ಪೌತಿ ಖಾತೆಗೆ ಹೆಂಡತಿಯೂ ಅರ್ಜಿ ಕೊಡಬಹುದು. ಕೊಟ್ಟರೆ ಮಗನ ಹೆಸರೂ ಪಹಣಿಗೆ ಬರುತ್ತದೆ. ಅವನ ಭಾಗ ಬಾಕಿಗೆ ಜಪ್ತಿಯಾಗಬಹುದು. “ಆದ್ರೆ ಅಜ್ಜಿ, ಅದು ನೀವಿರೋ ತೋಪು,” ಎಂದರು.

“ನನ್ನ ಭಾಗ ನಂಗಿರತ್ತಲ್ಲ? ಅವನ ಭಾಗ ಅವನ ಮಗಳು ತಿನ್ಲಿ. ಹೆಬ್ಬೆಟ್ಟು ಎಲ್ಲಿ ಒತ್ಬೇಕು ಹೇಳಿ.”

ಅದೂ ಸಲೀಸಾಗಲಿಲ್ಲ. ವಂಶವೃಕ್ಷ ತನ್ನಿ ಎಂದರು, ಮರಣ ಪ್ರಮಾಣಪತ್ರದಲ್ಲಿ ಹೆಸರು ಸರಿಯಿಲ್ಲ ಎಂದರು. ಸರ್ವರ್ ಇಲ್ಲ, ನಾಳೆ ಬನ್ನಿ ಎಂದರು. ಕದಿರಮ್ಮ ಕಚೇರಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಳು. ಖಾತೆಯಾದ ದಿನ ಗಡಿಯಾಚೆಯಿಂದ ಮಗನ ಫೋನು ಬಂತು.

“ನನ್ನ ಹೆಸರು ಯಾಕಮ್ಮಾ ಸೇರಿಸ್ದೆ?”

“ಯಾಕೋ, ನೀನು ಅವರಿಗೆ ಹುಟ್ಟಿದವನಲ್ವೇನೋ?”

ಮೈತುಂಬ ಹೂ ಬಿಟ್ಟಿದ್ದ ತೋಪಿಗೆ ಜಪ್ತಿ ನೋಟೀಸು ಅಂಟಿಸಿದ ವಾರದಲ್ಲೇ ಗಂಗಾಧರ್ ಕೋರ್ಟಿನಲ್ಲಿ ಪ್ರತ್ಯಕ್ಷನಾದ. ಯಾರೂ ಹಿಡಿದು ತಂದಿರಲಿಲ್ಲ. ಇಸ್ತ್ರಿ ಅಂಗಿ, ಪಕ್ಕದಲ್ಲಿ ವಕೀಲರು. ಬಾಕಿಯ ಒಂದು ಭಾಗವನ್ನು ಅಲ್ಲೇ ಕಟ್ಟಿದ. ಉಳಿದದ್ದಕ್ಕೆ ಕಾಲಾವಕಾಶ ಬೇಡಿದ. ಕೋರ್ಟು ಕಂತು ಗೊತ್ತು ಮಾಡಿತು, ತಪ್ಪಿದರೆ ತೋಪು ಹರಾಜು ಎಂದಿತು. ಹೆಚ್ಚಿಸುವ ಅರ್ಜಿಗೆ ಮತ್ತೊಂದು ವಾಯಿದೆ ಬಿತ್ತು.

ವಾಣಿಶ್ರೀಗೆ ಸಂತೋಷವಾಗಬೇಕಿತ್ತು. ಮೈಯೆಲ್ಲ ಉರಿಯುತ್ತಿತ್ತು. ಮಗಳಿಗಾಗಿ ಇಷ್ಟು ವರ್ಷ ಬಾರದವನು ಮರಗಳಿಗಾಗಿ ಒಂದೇ ವಾರದಲ್ಲಿ ಬಂದಿದ್ದ.

ಜಗಲಿಯಲ್ಲಿ ಅವನು ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ. “ಮೌನಿಕಾ ಈಗ ಏನ್ ಓದ್ತಾ ಅವ್ಳೆ?”

“ಅರ್ಜಿಯಲ್ಲಿ ಬರ್ದವ್ರೆ. ಓದ್ಕೊಳ್ಳಿ.”

ಮನೆಯಲ್ಲಿ ಹುಳು ಹಣ್ಣಾಗಿದ್ದವು. ಅವಳು ಜೊತೆಗೆ ಬಂದಿದ್ದ ಅತ್ತೆಯ ಕೈ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದಳು.