ಅತ್ತೆಯ ಕಣ್ಣಿಗೆ ಎರಡು ಕ್ಯಾಮೆರಾ

ಎಂಬತ್ತರ ದಶಕದ ನಡುವಿನಲ್ಲಿ, ಮಣ್ಣಗುಡ್ಡದ ನಮ್ಮ ಮನೆಯ ಊಟದ ಮೇಜಿನ ಮೇಲೆ ಹಲವು ವಾರ ಅತ್ತೆಯ ಎಡಗಣ್ಣು ಬಿದ್ದುಕೊಂಡಿತ್ತು. ಕಣ್ಣೆಂದರೆ, ಅದರ ಒಳಪರದೆಯ ಫೋಟೋಗಳು. ಬಡಿಸುವ ಮೊದಲು ನಾನು ಅವನ್ನು ಫ್ರಿಜ್ಜಿನ ಮೇಲಿಡುತ್ತಿದ್ದೆ; ಕೈ ತೊಳೆದ ಕೂಡಲೇ ಗಂಡಸರು ಕೆಳಗಿಳಿಸುತ್ತಿದ್ದರು.

ಅತ್ತೆಗೆ ಸಕ್ಕರೆ ಕಾಯಿಲೆ. ನಮ್ಮ ಕುಟುಂಬದಲ್ಲಿ ಹೆಂಗಸಿನ ಮದುವೆಯಿಂದ ಮದ್ದಿನವರೆಗೆ ಅವಳ ಅಣ್ಣನದೇ ಕೊನೆಯ ಮಾತು. ಅತ್ತೆಯ ಅಣ್ಣ, ಅಂದರೆ ನನ್ನ ಗಂಡನ ಸೋದರಮಾವ, ಅವರನ್ನು ಬಂದರಿನ ಬಳಿಯ ತಮ್ಮ ಹಳೆಯ ಡಾಕ್ಟರಲ್ಲಿಗೆ ಕರೆದೊಯ್ದರು. ಅಲ್ಲಿನದು ಮಾಮೂಲಿ ಕ್ಯಾಮೆರಾ. ಕಣ್ಣಿನ ನಡುಭಾಗವನ್ನಷ್ಟೇ ದೊಡ್ಡದಾಗಿ, ಬಲು ಸ್ಪಷ್ಟವಾಗಿ ತೋರಿಸುವಂಥದು. ನಡುಭಾಗ ಚೆನ್ನಾಗಿತ್ತು. ಹೋಟೆಲು ನಡೆಸುತ್ತಿದ್ದ ನನ್ನ ಗಂಡನಿಗೆ ಹೊಸತೆಂದರೆ ಪ್ರಾಣ. ಅವರು ಹೊಸ ಕ್ಲಿನಿಕ್ಕಿನ ಅಗಲ ಕೋನದ ಕ್ಯಾಮೆರಾದಲ್ಲಿ ಇನ್ನೊಂದು ಫೋಟೋ ತೆಗೆಸಿದರು. ಅದರಲ್ಲಿ ನಡುಭಾಗ ಚಿಕ್ಕದು, ಆದರೆ ಸುತ್ತಲಿನದೂ ಕಾಣುತ್ತಿತ್ತು. ಒಂದು ಅಂಚಿನಲ್ಲಿ ಕೆಂಪು ನೂಲು ಸಿಕ್ಕುಗಟ್ಟಿದ ಹಾಗೆ ಸಣ್ಣ ರಕ್ತನಾಳಗಳು. ಅವು ಒಡೆಯುವ ಮೊದಲು ಲೇಸರ್ ಮಾಡಿಸಿ, ಬಲಗಣ್ಣಿಗೂ ತಡಮಾಡಬೇಡಿ ಎಂದು ಆ ಡಾಕ್ಟರು ಹೇಳಿದ್ದರು.

ಅದೊಂದು ಬಿಟ್ಟು ಉಳಿದದ್ದೆಲ್ಲ ನಡೆಯಿತು.

“ಗದ್ದೆಯ ಬದುವಿನಲ್ಲಿ ಹುಲ್ಲು ಬಂದ್ರೆ ಪೈರಿಗೆ ಎಂತ ಆಗ್ತದೆ ಮಾರಾಯ?” ಎಂದರು ಸೋದರಮಾವ. “ನೋಡುವುದು ನಡುವಿನಿಂದ ಅಲ್ವಾ?”

“ಮಾವ, ಇದು ಫಾರಿನ್ ಮಾಲು. ಒಂದೇ ಕ್ಲಿಕ್ಕಿಗೆ ಎಷ್ಟು ಅಗಲ ಬಂದಿದೆ ನೋಡಿ.”

“ಅಗಲ ಉಂಟು. ಮದುವೆಯ ಗ್ರೂಪ್ ಫೋಟೋದ ಹಾಗೆ. ಮದುಮಗಳು ಯಾರೂಂತ ಹುಡುಕ್ಬೇಕು.”

ನನ್ನ ಗಂಡ ಮಕ್ಕಳ ಸ್ಕೇಲು ತಂದು ಅಳೆದು ತೋರಿಸಿದರು. ಮನೆಗೆ ಬಂದವರೆಲ್ಲ ಅಂಬಡೆಯ ಎಣ್ಣೆ ಮೆತ್ತಿದ ಬೆರಳಿನಲ್ಲಿ ಫೋಟೋ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದರು. ಕಾಟಿಪಳ್ಳದ ನೆಂಟರೊಬ್ಬರಿಗೆ ಹಳೆಯದರ ಬಣ್ಣ ಹಿಡಿಸಿತು. ಮೇಜಿನ ತುದಿಯಲ್ಲಿ ಬಸಳೆ ಸೊಪ್ಪು ಬಿಡಿಸುತ್ತ ಕೂತಿದ್ದ ಅತ್ತೆಯ ಕಡೆ ಯಾರೂ ತಿರುಗಲಿಲ್ಲ. ಗಂಡಸರ ಮಾತಿನ ನಡುವೆ ಬಾಯಿ ಹಾಕಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರು. ಅಂಥ ಮಾತನ್ನು ಗೌರವಿಸುವುದು ಹೇಗೆಂದು ಮಾತ್ರ ಕಲಿಸಿರಲಿಲ್ಲ.

ಒಂದು ದಿನ ಚಹಾ ಕೊಡುವಾಗ ಕೇಳಿಯೇಬಿಟ್ಟೆ: “ಲೇಸರಿಗೆ ಯಾವತ್ತು ಹೋಗುವುದು?”

“ಮೊದಲು ಮಾವ ಒಪ್ಪಲಿ. ಅವರನ್ನು ಮೀರಿ ಹೋದ್ರೆ ನಾಲ್ಕು ಜನ ಎಂತ ಹೇಳಿಯಾರು?” ಎಂದರು ನನ್ನ ಗಂಡ. ಸೋದರಮಾವ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದರು.

ಒಂದು ಬೆಳಿಗ್ಗೆ ಅಕ್ಕಿ ಆರಿಸುತ್ತಿದ್ದ ಅತ್ತೆ, “ಮಗಾ, ಗೆರಸೆಗೆ ಮಸಿ ಎಲ್ಲಿಂದ ಬಿತ್ತು?” ಎಂದು ನನ್ನನ್ನು ಕೇಳಿದರು. ಗೆರಸೆಯಲ್ಲಿ ಮಸಿ ಇರಲಿಲ್ಲ. ಮಧ್ಯಾಹ್ನದೊಳಗೆ ಅವರ ಎಡಗಣ್ಣಿಗೆ ಕೆಂಪು ಮಬ್ಬು ಕವಿದಿತ್ತು. ರಕ್ತನಾಳ ಒಡೆದಿತ್ತು. ಆಗಲೂ ಅವರನ್ನು ಎರಡೂ ಕ್ಯಾಮೆರಾಗಳ ಮುಂದೆ ಕೂರಿಸಿದರು, ಯಾರಿಗೂ ಅನ್ಯಾಯವಾಗಬಾರದಲ್ಲ. ಕಣ್ಣೊಳಗೆ ರಕ್ತ ತುಂಬಿತ್ತು. ಮೇಜಿಗೆ ಬಂದದ್ದು ಎರಡು ಕಪ್ಪು ವೃತ್ತಗಳು.

“ಈಗ ಎರಡೂ ಒಂದೇ,” ಎಂದರು ಸೋದರಮಾವ, ಜಗಳ ತೀರ್ಮಾನಿಸಿದವರಂತೆ.

“ಆದ್ರೂ ಇದು ಸ್ವಲ್ಪ ಅಗಲ ಉಂಟು,” ಎಂದರು ನನ್ನ ಗಂಡ.

ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು.

“ಬಲಗಣ್ಣು ಉಂಟಲ್ಲ ಮಗಾ. ಅದಕ್ಕೆ ಲೇಸರ್ ಮಾಡಿಸುವ. ನಾಳೆ ನಾನೂ ನೀನೂ ರಿಕ್ಷಾದಲ್ಲಿ ಹೋಗುವ.”

“ಮಾವನ ಹತ್ತಿರ ಕೇಳುವುದು ಬೇಡವಾ?”

“ಬೇಡ. ಅವರಿಗೆ ಫೋಟೋ ನೋಡುವ ಕೆಲಸ ಉಂಟು.”